ಪೀಣ್ಯದ ಕಾಮೆಂಟ್ರಿ ಕಾಕಾ

ಅವರ ಬಲಗೈಯ ತೋರುಬೆರಳೂ ನಡುಬೆರಳೂ ಎರಡನೆಯ ಗೆಣ್ಣಿಗೇ ಮುಗಿದುಹೋಗಿದ್ದವು. ಆ ಎರಡು ಮೋಟು ಬೆರಳುಗಳನ್ನು ಹೆಬ್ಬೆರಳಿಗೆ ಆನಿಸಿ, ಉಳಿದೆರಡು ಬೆರಳುಗಳನ್ನು ಕೆಳಗಿನಿಂದ ಸುತ್ತಿ ಅವರು ಮೈಕ್ ಹಿಡಿಯುತ್ತಿದ್ದರು. ಕತ್ತರಿಸಿಹೋದ ತುದಿಗಳು ನುಣ್ಣಗೆ ಹೊಳೆಯುತ್ತಿದ್ದವು. ಮೊದಲ ಸಲ ನೋಡಿದವರ ಕಣ್ಣು ಅಲ್ಲಿಗೇ ಹೋಗುತ್ತಿತ್ತು. ಅವರು ಬಾಯಿ ತೆರೆದರೆ ಮಾತ್ರ ಬೆರಳು ಮರೆತುಹೋಗುತ್ತಿತ್ತು.

ಪೀಣ್ಯದ ಕಾರ್ಖಾನೆಗಳ ನಡುವೆ ಬೆರಳಿಲ್ಲದವರನ್ನು ಯಾರೂ ತಿರುಗಿ ನೋಡುವುದಿಲ್ಲ. ಅವರು ಪವರ್ ಪ್ರೆಸ್ ಆಪರೇಟರ್ ಆಗಿದ್ದರು. ವಿಜಯಪುರದ ಕಡೆಯ ಹಳ್ಳಿಯಿಂದ ಹತ್ತೊಂಬತ್ತನೇ ವಯಸ್ಸಿಗೆ ಬಂದು, ಒಂದು ಶೆಡ್ಡಿನಿಂದ ಇನ್ನೊಂದು ಶೆಡ್ಡಿಗೆ ಕೆಲಸ ಬದಲಾಯಿಸುತ್ತ, ತಗಡಿನ ಹಾಳೆಗಳನ್ನು ಒತ್ತಿ ಒತ್ತಿ ಗಾಡಿಗಳ ಬಿಡಿಭಾಗ ಮಾಡುತ್ತ ಮೂವತ್ತು ವರ್ಷ ಕಳೆದವರು. ಭಾನುವಾರ ಬಂತೆಂದರೆ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿ ಮೈದಾನಕ್ಕೆ ಬರುತ್ತಿದ್ದರು. ಫ್ಯಾಕ್ಟರಿ ತಂಡಗಳ ಕಬಡ್ಡಿ, ವಾಲಿಬಾಲ್, ರಾಜ್ಯೋತ್ಸವದ ಟೂರ್ನಮೆಂಟು, ಯಾವುದಿದ್ದರೂ ಮೈಕ್ ಅವರದೇ. ಎಲ್ಲರೂ ಅವರನ್ನು ಕಾಮೆಂಟ್ರಿ ಕಾಕಾ ಅನ್ನುತ್ತಿದ್ದರು. ನಾನೂ ಕಾಕಾ ಅಂದೇ ಕರೆದೆ.

ನನ್ನದು ಅಲ್ಲೇ ಹತ್ತಿರದ ಹಳ್ಳಿ. ಹಳ್ಳಿ ಅನ್ನುವುದು ಅಭ್ಯಾಸಬಲ; ನಾನು ಹುಟ್ಟುವಷ್ಟರಲ್ಲೇ ಸುತ್ತಮುತ್ತ ಶೆಡ್ಡುಗಳಾಗಿದ್ದವು. ಡಿಪ್ಲೊಮಾ ಮುಗಿಸಿ ಒಂದು ಕಾರ್ಖಾನೆಯ ಕ್ವಾಲಿಟಿ ವಿಭಾಗದಲ್ಲಿ ಇದ್ದೆ. ದಿನಕ್ಕೆ ನೂರಾರು ಬಿಡಿಭಾಗಗಳ ಅಳತೆ ನೋಡುವ ಕೆಲಸ. ಕಾಲೇಜಿನಲ್ಲಿ ಕಬಡ್ಡಿ ಆಡಿದ್ದೆ, ಮಂಡಿ ತಿರುಚಿಕೊಂಡು ಬಿಟ್ಟಿದ್ದೆ. ಒಂದು ಭಾನುವಾರ ಗಾರ್ಮೆಂಟ್ಸ್ ಹೆಣ್ಣುಮಕ್ಕಳ ಪಂದ್ಯ ನಡೆಯುತ್ತಿತ್ತು. ಕಾಕಾನಿಗೆ ಆ ಹುಡುಗಿಯರ ಹೆಸರು ತಿಳಿದಿರಲಿಲ್ಲ, ನನಗೆ ತಿಳಿದಿತ್ತು. ಪಕ್ಕದಲ್ಲಿ ನಿಂತು ಹೇಳಿಕೊಡುತ್ತಿದ್ದೆ. ನಾಲ್ಕಾರು ಸಲ ಹೇಳಿಸಿಕೊಂಡವರು ಮೈಕನ್ನೇ ನನ್ನ ಕೈಗೆ ಕೊಟ್ಟುಬಿಟ್ಟರು.

ಮುಂದಿನ ಐದು ನಿಮಿಷ ನಾನು ಏನು ಮಾತಾಡಿದೆನೋ ನನಗೆ ನೆನಪಿಲ್ಲ. ಅದ್ಭುತ, ಅಮೋಘ, ಸೂಪರ್ ಎಂದು ಕಿರುಚಿದ್ದೆನಂತೆ. ಪಂದ್ಯ ಮುಗಿದ ಮೇಲೆ ಕಾಕಾ ಗಂಟಲಿಗೆಂದು ಒಂದು ಚೂರು ಜ್ಯೇಷ್ಠಮಧು ಕೊಟ್ಟು, ಕೂರಿಸಿಕೊಂಡು ಹೇಳಿದರು: "ಅದ್ಭುತ ಅನ್ನೂದು ಆಟ ಅಲ್ಲ ತಂಗಿ, ಅದು ನಿನ್ನ ಖುಷಿ. ಕಾಲು ಎಲ್ಲೈತಿ, ಕೈ ಎಲ್ಲೈತಿ, ಅದನ್ನ ಹೇಳು. ಮನ್ಯಾಗ ಕುಂತಾಂವಗ ಕಾಣಬೇಕು."

ಮೈದಾನದಲ್ಲಿ ಇದ್ದವರೆಲ್ಲ ಆಟವನ್ನು ಕಣ್ಣಾರೆ ನೋಡುತ್ತಿದ್ದರು. ಮನೆಯಲ್ಲಿ ಕೂತವನು ಯಾರು ಎಂದು ನನಗೆ ಅರ್ಥವಾಗಲಿಲ್ಲ. ಆಮೇಲೆ ತಿಳಿಯಿತು. ಅವರು ಹುಡುಗರಾಗಿದ್ದಾಗ ಅಜ್ಜನ ರೇಡಿಯೊದಲ್ಲಿ ಹಾಕಿ ಪಂದ್ಯದ ಹಿಂದಿ ಕಾಮೆಂಟ್ರಿ ಕೇಳುತ್ತಿದ್ದರಂತೆ. ಹಾಕಿ ಕೋಲನ್ನು ಕಣ್ಣಿಂದಲೂ ನೋಡಿರಲಿಲ್ಲ, ಹಿಂದಿಯ ಒಂದಕ್ಷರ ಬರುತ್ತಿರಲಿಲ್ಲ. ಆದರೂ ಧ್ವನಿ ಏರುವುದರಲ್ಲಿ, ಇಳಿಯುವುದರಲ್ಲಿ ಆಟ ಎಲ್ಲಿಗೆ ಬಂತು ಅನ್ನುವುದು ತಿಳಿಯುತ್ತಿತ್ತಂತೆ. ಅವತ್ತಿನಿಂದ ಅವರಿಗೆ ಬೇಕಾಗಿದ್ದುದು ಅದೊಂದೇ. ತಾನು ಒಂದು ಕಡೆ ಕೂತು ಹೇಳಬೇಕು, ದೂರದಲ್ಲಿ ಕೂತ ಯಾರಿಗೋ ಆಟ ಕಾಣಬೇಕು. ಇಪ್ಪತ್ತು ವರ್ಷದಿಂದ ಅವರು ತಮ್ಮ ಧ್ವನಿಯನ್ನು ಎಲ್ಲೆಲ್ಲಿಗೋ ಕಳಿಸುತ್ತಲೇ ಇದ್ದರು. ಮೊದಲು ಕ್ಯಾಸೆಟ್ಟು, ಆಮೇಲೆ ಸೀಡಿ, ಆಮೇಲೆ ಫೋನಿನಲ್ಲಿ ರೆಕಾರ್ಡು ಮಾಡಿದ್ದು. ಹೆಚ್ಚಿನ ಕಡೆಯಿಂದ ಉತ್ತರವೇ ಬರಲಿಲ್ಲ. ಬಂದ ಒಂದೆರಡರಲ್ಲಿ ಮಾಜಿ ಆಟಗಾರರನ್ನು ಮಾತ್ರ ಪರಿಗಣಿಸುತ್ತೇವೆ ಎಂದಿತ್ತು.

ನನಗೆ ಅವರು ಪಾಠ ಹೇಳಲು ಶುರು ಮಾಡಿದ್ದು ಹೀಗೆ. ಅದಕ್ಕೆ ಶಾಲೆ ಇರಲಿಲ್ಲ. ನಾಗಸಂದ್ರದಲ್ಲಿ ಸಾಲು ಮನೆಗಳ ಒಂದು ಕೋಣೆಯಲ್ಲಿ ಅವರೂ ಅವರ ಹೆಂಡತಿಯೂ ಇದ್ದರು. ಅವರನ್ನು ನಾನು ಕಾಕೂ ಅನ್ನುತ್ತಿದ್ದೆ. ಕಾಕೂ ಗಾರ್ಮೆಂಟ್ಸ್‌ನಲ್ಲಿ ಕಾಲರ್ ಹೊಲಿಯುತ್ತಿದ್ದರು. ಸಂಜೆ ಆರಕ್ಕೆ ನಾನು ಹೋದರೆ ಅವರು ರೊಟ್ಟಿ ಬಡಿಯುತ್ತಿರುತ್ತಿದ್ದರು. ಕಾಕಾ ಫೋನಿನಲ್ಲಿ ಹಳೆಯ ಪಂದ್ಯ ಹಾಕಿ, ಸೌಂಡ್ ಪೂರ್ತಿ ತೆಗೆದು, ಹೇಳು ಅನ್ನುತ್ತಿದ್ದರು. ನಾನು ಹೇಳಬೇಕು, ಅವರು ನನ್ನ ಮುಖವನ್ನೇ ನೋಡುತ್ತ ಕೂರಬೇಕು. ಎಲ್ಲಿ ತಪ್ಪಿದರೂ ಕೈ ಎತ್ತಿ ನಿಲ್ಲಿಸುತ್ತಿದ್ದರು.

ನನಗೆ ದೊಡ್ಡ ತೊಡಕು ಹಕಾರದ್ದು. ನಮ್ಮ ಮನೆಯಲ್ಲಿ ಯಾರಿಗೂ ಅದು ನಾಲಿಗೆಗೆ ಬರುವುದಿಲ್ಲ. ಅಂಗೆ, ಇಂಗೆ, ಅಸಿರು, ಅಣ್ಣು ಎಂದೇ ಬೆಳೆದವಳು. ಕಬಡ್ಡಿಯಲ್ಲಿ ಸ್ಕೋರು ಹತ್ತು ಮುಟ್ಟಿದರೆ ಸಾಕು, ನನ್ನ ಊರು ಮೈಕಿನಲ್ಲಿ ಹೊರಬೀಳುತ್ತಿತ್ತು. ಅತ್ತು, ಅನ್ನೊಂದು, ಅನ್ನೆರಡು. ಕಾಕಾ ಬಾಗಿಲ ಹೊರಗೆ ನನ್ನನ್ನು ನಿಲ್ಲಿಸಿ ದಿನಾ ಹತ್ತರಿಂದ ಹತ್ತೊಂಬತ್ತರವರೆಗೆ ನೂರು ಸಲ ಹೇಳಿಸಿದರು. ತಮ್ಮ ಅಂಗೈಯನ್ನು ನನ್ನ ಬಾಯಿಯ ಮುಂದೆ ಹಿಡಿದು ಉಸಿರು ತಾಕಬೇಕು ಅನ್ನುತ್ತಿದ್ದರು. ಪಕ್ಕದ ಮನೆಯವರು, ಈ ಹುಡುಗಿಗೆ ಇನ್ನೂ ಮಗ್ಗಿ ಬಂದಿಲ್ಲವೇನ್ರೀ ಎಂದು ಕಾಕೂನನ್ನು ಕೇಳುತ್ತಿದ್ದರಂತೆ. ಎರಡು ತಿಂಗಳಲ್ಲಿ ಹ ಬಂತು. ಮನೆಯಲ್ಲಿ ಒಂದು ದಿನ ಬಾಯಿತಪ್ಪಿ "ಹಾಲು" ಎಂದೆ. ನಮ್ಮಮ್ಮ ನನ್ನ ಮುಖ ನೋಡಿ, ಯಾವೂರವಳಂಗೆ ಮಾತಾಡ್ತೀಯೆ ಅಂದರು.

ಹುಡುಗರ ಹೆಸರನ್ನು ಊರಿನ ಸಮೇತ ಹೇಳಬೇಕು ಅನ್ನುವುದು ಅವರ ಇನ್ನೊಂದು ನಿಯಮ. ಇಡೀ ವಾರ ನಟ್ಟು ತಿರುಗಿಸಿದವನಿಗೆ ಭಾನುವಾರ ಒಂದು ದಿನವಾದರೂ ತನ್ನ ಹೆಸರು ಕೇಳಬೇಕು ಅನ್ನುತ್ತಿದ್ದರು. ಹಾಗೆಯೇ ಇನ್ನೊಂದು ಮಾತು: ಸೀಟಿ ನಂಬಬೇಡ, ಅಂಪೈರ್ ಕೈ ನೋಡು. ಸೀಟಿ ಯಾವುದಕ್ಕೋ ಊದುತ್ತಾರೆ, ಕೈ ಸುಳ್ಳು ಹೇಳುವುದಿಲ್ಲ ಎಂದು. ಇದನ್ನು ನಾನು ಅನುಭವಿಯ ಗುಟ್ಟು ಎಂದುಕೊಂಡು ಪುಸ್ತಕದಲ್ಲಿ ಬರೆದುಕೊಂಡಿದ್ದೆ.

ಮೂರನೆಯ ವರ್ಷ ಒಂದು ಅವಕಾಶ ಬಂತು. ಕಬಡ್ಡಿ ಲೀಗ್ ಒಂದಕ್ಕೆ ಟೀವಿಯಲ್ಲಿ ಕನ್ನಡ ಕಾಮೆಂಟ್ರಿ ಕೊಡಲು ಹೊಸಬರು ಬೇಕಾಗಿದ್ದರು. ಪಂದ್ಯ ಎಲ್ಲೋ ಬೇರೆ ರಾಜ್ಯದಲ್ಲಿ ನಡೆಯುತ್ತದೆ, ವೈಟ್‌ಫೀಲ್ಡಿನ ಒಂದು ಟೆಕ್ ಪಾರ್ಕಿನ ಸ್ಟುಡಿಯೊದಲ್ಲಿ ಕೂತು, ಪರದೆ ನೋಡಿಕೊಂಡು ಮಾತಾಡಬೇಕು. ನಾವಿಬ್ಬರೂ ಧ್ವನಿ ಕಳಿಸಿದೆವು. ಇಬ್ಬರನ್ನೂ ಕರೆದರು. ನಾಗಸಂದ್ರದಲ್ಲಿ ಮೆಟ್ರೊ ಹತ್ತಿ, ಮೆಜೆಸ್ಟಿಕ್ಕಿನಲ್ಲಿ ಬದಲಾಯಿಸಿ, ಊರಿನ ಈ ತುದಿಯಿಂದ ಆ ತುದಿಗೆ ಹೋದೆವು. ದಾರಿಯುದ್ದಕ್ಕೂ ಕಾಕಾ ಕಿಟಕಿಯ ಹೊರಗೆ ಕಂಡದ್ದನ್ನೆಲ್ಲ ತುಟಿಯಲ್ಲೇ ಹೇಳಿಕೊಳ್ಳುತ್ತಿದ್ದರು. ನೀಲಿ ಟಾರ್ಪಾಲು ಹೊದ್ದ ಮನೆ, ಮೂರನೇ ಮಹಡಿಯಲ್ಲಿ ಬಟ್ಟೆ ಒಣಗಿಸುವ ಹೆಂಗಸು, ಕ್ರೇನು ಎಡಕ್ಕೆ ತಿರುಗಿತು.

ಸ್ಟುಡಿಯೊ ಎಂದರೆ ಗಾಜಿನ ಸಣ್ಣ ಕೋಣೆ. ಇಬ್ಬರಿಗೂ ಹೆಡ್‌ಫೋನ್ ಹಾಕಿಸಿದರು. ಗಾಜಿನ ಆಚೆ ಪ್ರೊಡ್ಯೂಸರ್, ಮೂವತ್ತರ ಆಸುಪಾಸಿನ ಮರ್ಯಾದಸ್ಥ ಹುಡುಗ. ತಾನು ಕಿವಿಯಲ್ಲಿ ಮಾತಾಡುತ್ತಿರುತ್ತೇನೆ, ಜಾಹೀರಾತಿಗೆ ಮೊದಲು ಹತ್ತರಿಂದ ಕೆಳಗೆ ಎಣಿಸುತ್ತೇನೆ, ಸೊನ್ನೆಗೆ ಸರಿಯಾಗಿ ಮಾತು ನಿಲ್ಲಬೇಕು ಎಂದು ವಿವರಿಸಿದರು. ಕಾಕಾ ಅವರ ಮುಖ ನೋಡುತ್ತ ತಲೆಯಾಡಿಸಿದರು.

ಪರದೆಯ ಮೇಲೆ ಆಟ ಶುರುವಾಯಿತು. ಕಾಕಾ ತಮ್ಮ ಮೈಕಿನ ಕನ್ನಡದಲ್ಲಿ ಶುರು ಮಾಡಿದರು. "ಎಡಗಾಲು ಒಳಗಿಟ್ಟಿದ್ದಾನೆ, ಬಲಗಾಲು ಇನ್ನೂ ಮಧ್ಯಗೆರೆ ಬಿಟ್ಟಿಲ್ಲ. ಮೂಲೆಯವನು ಕುಳಿತಿದ್ದಾನೆ, ಕಣ್ಣು ಹಿಮ್ಮಡಿಯ ಮೇಲಿದೆ. ತಿರುಗಿದ. ಹಿಮ್ಮಡಿ ಸಿಕ್ಕಿತು." ಗಾಜಿನ ಆಚೆ ಇದ್ದವರು ತಮ್ಮ ಕೆಲಸ ಬಿಟ್ಟು ತಲೆ ಎತ್ತಿದ್ದನ್ನು ನಾನು ನೋಡಿದೆ. ಅಷ್ಟರಲ್ಲಿ ನಮ್ಮ ಕಿವಿಯಲ್ಲಿ ಎಣಿಕೆ ಶುರುವಾಯಿತು. ಹತ್ತು, ಒಂಬತ್ತು. ಕಾಕಾ ಮಾತಾಡುತ್ತಲೇ ಇದ್ದರು. ಮೂರು, ಎರಡು. ಸೊನ್ನೆ ಆದ ಮೇಲೂ ಮಾತಾಡುತ್ತಲೇ ಇದ್ದರು. ಪ್ರೊಡ್ಯೂಸರ್ ಒಳಗೆ ಬಂದು ನಗುತ್ತಲೇ ಮತ್ತೊಮ್ಮೆ ಹೇಳಿಕೊಟ್ಟರು. ಹುರುಪಿನಲ್ಲಿ ಮರೆತೆ ಎಂದು ಕಾಕಾ ಕ್ಷಮೆ ಕೇಳಿದರು. ನೀರು ಕುಡಿದು ಬನ್ನಿ ಎಂದು ಐದು ನಿಮಿಷ ಬಿಟ್ಟರು.

ನೀರಿನ ಯಂತ್ರದ ಹತ್ತಿರ ಕಾಕಾ ನನ್ನ ಕಡೆ ತಿರುಗಿದರು.

"ತಂಗಿ, ನನಗ ಆ ಹುಡುಗನ ಮಾತು ಕೇಳಂಗಿಲ್ಲ."

"ಹೆಡ್‌ಫೋನ್ ಸರಿಯಿಲ್ವೇನೋ ಕಾಕಾ. ಬೇರೆ ಕೊಡಿ ಅಂತ ಹೇಳ್ತೀನಿ."

"ಹೆಡ್‌ಫೋನ್ ಅಲ್ಲ. ಕಿವಿ. ಒಳಗ ಒಂದೇ ಸಮನ ಸಿಳ್ಳೆ ಹೊಡದಂಗ ಆಕ್ಕೈತಿ. ಹತ್ತು ವರ್ಷದ ಮ್ಯಾಲಾತು. ನಿನ್ನ ಮಾತೂ ನಾ ಮಾರಿ ನೋಡೇ ತಿಳ್ಕೊಳ್ಳೋದು."

ಪ್ರೆಸ್ ಶಾಪಿನಲ್ಲಿ ದಿನಕ್ಕೆ ಎಂಟು ಗಂಟೆ, ಮೂವತ್ತು ವರ್ಷ. ಹೋದ ಬೆರಳು ಎಲ್ಲರಿಗೂ ಕಂಡಿತ್ತು. ಹೋದ ಕಿವಿ ಕಾಕೂಗೆ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ಅವರು ಜೋರಾಗಿ ಮಾತಾಡುವುದು, ಹೆಸರನ್ನು ನಾಲ್ಕು ಸಲ ಹೇಳಿಸಿಕೊಳ್ಳುವುದು, ಸೀಟಿಯನ್ನು ನಂಬದೆ ಕೈ ನೋಡುವುದು, ಎಲ್ಲ ನನಗೆ ಆ ಕ್ಷಣದಲ್ಲಿ ಬೇರೆಯಾಗಿ ಕಂಡಿತು. ಅವರೇ ದಾರಿ ಹೇಳಿದರು. ಎಣಿಕೆ ಐದಕ್ಕೆ ಬಂದಾಗ ಮೇಜಿನ ಕೆಳಗೆ ಮೊಣಕೈ ಒಮ್ಮೆ ಮುಟ್ಟು, ಸೊನ್ನೆಗೆ ಇನ್ನೊಮ್ಮೆ ಮುಟ್ಟು ಎಂದರು.

ನಾನು ಮುಟ್ಟಿದೆ. ಕೂದಲೆಳೆಯಷ್ಟೂ ತಪ್ಪಿಲ್ಲದೆ ಅವರು ಮಾತು ನಿಲ್ಲಿಸಿದರು. ಪ್ರೊಡ್ಯೂಸರ್ ಹೆಬ್ಬೆರಳೆತ್ತಿ ತೋರಿಸಿದರು. ಇಬ್ಬರನ್ನೂ ಜೋಡಿಯಾಗಿ ಆಯ್ಕೆ ಮಾಡಿದರು.

ಲೀಗ್ ನಡೆಯುವ ಎರಡು ತಿಂಗಳಿಗೆ ಕಾಕಾನ ಕಾರ್ಖಾನೆಯಲ್ಲಿ ರಜೆ ಕೊಡಲಿಲ್ಲ. ಅವರು ಕೆಲಸ ಬಿಟ್ಟರು. ಕಾಕೂ ಬೇಡ ಅನ್ನಲಿಲ್ಲ, ಸರಿ ಎಂದೂ ಅನ್ನಲಿಲ್ಲವಂತೆ. ನಾನೂ ರಾಜೀನಾಮೆ ಕೊಟ್ಟೆ. ನನಗೆ ಇಪ್ಪತ್ತೈದು, ಇನ್ನೊಂದು ಕೆಲಸ ಸಿಗುತ್ತದೆ ಅನ್ನುವ ಧೈರ್ಯವಿತ್ತು.

ಮೊದಲ ನಾಲ್ಕು ವಾರ ಅವರ ಬದುಕಿನ ಒಳ್ಳೆಯ ದಿನಗಳು. ಅವರ ಹಳ್ಳಿಯಲ್ಲಿ ಹೈಸ್ಕೂಲಿನ ಅಂಗಳಕ್ಕೆ ಟೀವಿ ತಂದಿಟ್ಟು ಕೇಳಿದರಂತೆ. ಯಾರೋ ಅದನ್ನು ಫೋನಿನಲ್ಲಿ ತೆಗೆದು ಕಳಿಸಿದ್ದರು. ಜನ ಟೀವಿಯ ಕಡೆ ನೋಡುತ್ತ ಕೂತಿದ್ದರು, ಅಷ್ಟೇ. ಕಾಕಾ ಮೆಟ್ರೊದಲ್ಲಿ ಆ ವಿಡಿಯೊವನ್ನು ಮತ್ತೆ ಮತ್ತೆ ನೋಡಿದರು. ಅದರಲ್ಲಿ ತಮ್ಮದೇ ಧ್ವನಿ ಬರುತ್ತಿದ್ದುದು ಅವರಿಗೆ ಕೇಳುತ್ತಿರಲಿಲ್ಲ. ನನ್ನನ್ನು ಕೇಳಿದರು, ಕೇಳಿಸ್ತದೇನು ಎಂದು. ಸ್ಪಷ್ಟವಾಗಿ ಕೇಳಿಸುತ್ತಿದೆ ಎಂದೆ. ಅವರು ಫೋನನ್ನು ಅಂಗಿಯ ಜೇಬಿಗಿಟ್ಟುಕೊಂಡು ದೊಡ್ಡನೆಕ್ಕುಂದಿಯ ಕಡೆಯ ದೀಪಗಳನ್ನು ನೋಡುತ್ತ ಕೂತರು.

ಐದನೆಯ ವಾರ ಜೋಡಿಗಳನ್ನು ಬದಲಾಯಿಸಿದರು. ಹೆಣ್ಣಿನ ಧ್ವನಿಯನ್ನು ಜನ ಇಷ್ಟಪಟ್ಟಿದ್ದಾರೆ ಎಂದು ನನ್ನನ್ನು ಮಾಜಿ ಆಟಗಾರ್ತಿಯೊಬ್ಬರ ಜೊತೆ ಮುಖ್ಯ ಪಂದ್ಯಕ್ಕೆ ಹಾಕಿದರು. ಕಾಕಾನನ್ನು ಒಬ್ಬ ಮಾಜಿ ಆಟಗಾರನ ಜೊತೆ ದಿನದ ಮೊದಲ ಪಂದ್ಯಕ್ಕೆ. ನಮ್ಮನ್ನು ಬೇರೆ ಮಾಡಬೇಡಿ ಎಂದು ಕೇಳಬಹುದಿತ್ತು. ನಾನು ಕೇಳಲಿಲ್ಲ. ಮುಖ್ಯ ಪಂದ್ಯ ನನಗೆ ಬೇಕಿತ್ತು. ಕಾಕಾ ನನ್ನ ಮುಖದಲ್ಲಿ ಅದನ್ನೂ ಓದಿರಬೇಕು, ಹೋಗು, ನಾ ನೋಡ್ಕೋತೀನಿ ಅಂದರು. ಹೊಸ ಜೊತೆಗಾರನಿಗೆ ಕಿವಿಯ ವಿಷಯ ಹೇಳುವುದು ಅವರಿಂದ ಆಗಲಿಲ್ಲ. ಮೊದಲ ದಿನ ಅವನು ಬಾಯಿ ಮುಚ್ಚಿದ್ದನ್ನು ನೋಡಿ ತಾವೂ ನಿಲ್ಲಿಸಿ ಹೇಗೋ ಸುಧಾರಿಸಿದರಂತೆ.

ಎರಡನೆಯ ದಿನವೇ ಅದು ನಡೆಯಿತು. ಒಬ್ಬ ರೇಡರನ್ನು ಎದುರಾಳಿಗಳು ಎತ್ತಿ ಹಾಕಿದರು. ಅವನು ಕುತ್ತಿಗೆಯ ಮೇಲೆ ಬಿದ್ದ, ಮೇಲೇಳಲಿಲ್ಲ. ಕ್ಯಾಮರಾ ಅವನಿಂದ ಸರಿದು ಹಿಂದಿನ ದೃಶ್ಯವನ್ನೇ ನಿಧಾನಗತಿಯಲ್ಲಿ ತೋರಿಸುತ್ತಿತ್ತು. ಪ್ರೊಡ್ಯೂಸರ್ ಕಿವಿಯಲ್ಲಿ ಕೂಗಿದರಂತೆ: ಹುಡುಗನಿಗೆ ಪೆಟ್ಟು ಜೋರಾಗಿದೆ, ಸ್ಟ್ರೆಚರ್ ಬರುತ್ತಿದೆ, ಮಾತು ನಿಲ್ಲಿಸಿ. ಕಾಕಾನಿಗೆ ಕಂಡದ್ದು ಪರದೆ ಮಾತ್ರ. ಆ ಹಿಡಿತವನ್ನು ಅವರು ಬಾಯಿತುಂಬ ಹೊಗಳಿದರು. ಸೊಂಟಕ್ಕೆ ಒಬ್ಬ, ತೊಡೆಗೆ ಒಬ್ಬ, ಅಕ್ಕಿಮೂಟೆ ಎತ್ತಿದ ಹಾಗೆ ಎತ್ತಿ ಒಗೆದರು ನೋಡಿ ಎಂದು ನಕ್ಕರು. ಕ್ಯಾಮರಾ ಮತ್ತೆ ಹುಡುಗನ ಮೇಲೆ ಬಂದು, ಪಕ್ಕದವನು ಕೈ ಹಿಡಿದು ಎಳೆಯುವವರೆಗೂ ನಿಲ್ಲಿಸಲಿಲ್ಲ. ಸಂಜೆಯೊಳಗೆ ಆ ತುಣುಕು ಎಲ್ಲರ ಫೋನಿನಲ್ಲಿತ್ತು. ಮಿಸುಕದೆ ಬಿದ್ದ ಹುಡುಗ, ನಗುವ ಧ್ವನಿ.

ಮರುದಿನ ಪ್ರೊಡ್ಯೂಸರ್ ನನ್ನೊಬ್ಬಳನ್ನೇ ಕರೆದು ಬಾಗಿಲು ಹಾಕಿದರು.

"ಮೇಡಂ, ನೀವು ಅವ್ರ ಜೊತೆ ನಾಲ್ಕ್ ವಾರ ಕೂತಿದ್ದೀರ. ನಿಜ ಹೇಳಿ. ಅವ್ರು ಕುಡ್ದು ಬರ್ತಾರಾ?"

ಉತ್ತರ ನನ್ನ ನಾಲಿಗೆಯ ತುದಿಯಲ್ಲಿತ್ತು. ಅವರಿಗೆ ಕಿವಿ ಕೇಳುವುದಿಲ್ಲ ಎಂದರೆ ಮುಂದಿನ ಪ್ರಶ್ನೆ ನಾಲ್ಕು ವಾರ ಹೇಗೆ ನಡೆಸಿದರು ಎಂಬುದು. ಅದರ ಉತ್ತರ ನಾನು. ಗೋಡೆಯ ಮೇಲೆ ಆ ವಾರದ ಪಟ್ಟಿ ಇತ್ತು, ಮುಖ್ಯ ಪಂದ್ಯದ ಎದುರು ನನ್ನ ಹೆಸರಿತ್ತು.

"ನನಗೆ ಗೊತ್ತಿಲ್ಲ ಸಾರ್," ಎಂದೆ.

ಇಲ್ಲ ಎಂದೂ ಹೇಳಲಿಲ್ಲ. ಗೊತ್ತಿಲ್ಲ ಎಂದೆ. ಕಾಕಾ ಬದುಕಿನಲ್ಲಿ ಒಂದು ತೊಟ್ಟೂ ಮುಟ್ಟಿದವರಲ್ಲ. ಪ್ರೊಡ್ಯೂಸರ್ ನಿಟ್ಟುಸಿರು ಬಿಟ್ಟು, ಸರಿ ಬಿಡಿ, ಅರ್ಥ ಆಯ್ತು ಅಂದರು. ಮಧ್ಯಾಹ್ನ ಕಾಕಾನಿಗೆ ಬರಬೇಡಿ ಎಂದು ಮೆಸೇಜು ಹೋಯಿತು.

ಮಾತು ವೈಟ್‌ಫೀಲ್ಡಿನಲ್ಲಿ ಉಳಿಯಲಿಲ್ಲ. ಸ್ಟುಡಿಯೊದ ಸೌಂಡಿನ ಹುಡುಗರಲ್ಲಿ ಒಬ್ಬ ಪೀಣ್ಯದ ಕಡೆಯವನಿದ್ದ. ಒಂದು ತಿಂಗಳಲ್ಲಿ ಮೈದಾನದವರಿಗೆಲ್ಲ ಗೊತ್ತಾಯಿತು: ಟೀವಿಗೆ ಹೋದ ಮೇಲೆ ಕಾಮೆಂಟ್ರಿ ಕಾಕಾ ಕುಡಿಯಲು ಕಲಿತರಂತೆ, ಕುಡಿದು ಮೈಕ್ ಹಿಡಿದು ಬಿದ್ದವನನ್ನು ನೋಡಿ ನಕ್ಕರಂತೆ. ಆ ವರ್ಷದ ರಾಜ್ಯೋತ್ಸವದ ಟೂರ್ನಮೆಂಟಿಗೆ ಅವರನ್ನು ಕರೆಯಲಿಲ್ಲ. ಆಯುಧಪೂಜೆಯ ವಾಲಿಬಾಲಿಗೂ ಕರೆಯಲಿಲ್ಲ. ಸ್ಪೀಕರ್ ಬಾಡಿಗೆಗೆ ತರುವವನ ಕಡೆಯ ಯಾರೋ ಮೈಕ್ ಹಿಡಿದು ಹಾಡು ಹಾಕುತ್ತ, ನಡುನಡುವೆ ಸ್ಕೋರು ಕೂಗಿದರಂತೆ. ಯಾರೂ ದೂರಲಿಲ್ಲ.

ನಾನು ಅವರನ್ನು ನೋಡಲು ಹೋಗುವ ಹೊತ್ತಿಗೆ ಸೀಸನ್ ಮುಗಿದಿತ್ತು. ಅವರು ಇನ್ನೊಂದು ಶೆಡ್ಡಿನಲ್ಲಿ ಮತ್ತೆ ಪ್ರೆಸ್ ಮೇಲೆ ಕೆಲಸಕ್ಕೆ ಸೇರಿದ್ದರು. ಎದುರಿಗೆ ಕೂತು, ಅವರಿಗೆ ಕಾಣುವಂತೆ ನಿಧಾನವಾಗಿ ತುಟಿ ಆಡಿಸುತ್ತ, ನಾನು ಮಾಡಿದ್ದನ್ನು ಹೇಳಿದೆ. ನನಗೆ ಗೊತ್ತಿಲ್ಲ ಎಂದ ಮಾತನ್ನು ಎರಡು ಸಲ ಹೇಳಬೇಕಾಯಿತು. ಈಗ ಹೋಗಿ ಎಲ್ಲರಿಗೂ ನಿಜ ಹೇಳುತ್ತೇನೆ ಎಂದೆ.

ಅವರು ಬೇಡ ಎಂದು ಕೈಯಾಡಿಸಿದರು. "ಕುಡುಕಗ ಪ್ರೆಸ್ ಮ್ಯಾಲೆ ಕೆಲಸ ಕೊಡ್ತಾರ ತಂಗಿ, ಕಿವುಡಗ ಕೊಡಂಗಿಲ್ಲ. ನೀ ಹೇಳಿದ್ರ ಇದೂ ಹೋಗ್ತದ."

ನನ್ನ ಮೇಲೆ ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ನನಗೆ ಹಗುರಾಗುತ್ತಿತ್ತು. ಕಾಕೂ ಒಲೆಯ ಕಡೆ ಮುಖ ಮಾಡಿ ಕೂತಿದ್ದರು, ನಾನು ಏಳುವವರೆಗೂ ತಿರುಗಲಿಲ್ಲ.

ಒಂದು ಸಲ ಬಲವಂತ ಮಾಡಿ ಕಿವಿಯ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ನರವೇ ಸತ್ತಿದೆ, ಮಿಷನ್ ಹಾಕಿದರೆ ಸದ್ದು ದೊಡ್ಡದಾಗುತ್ತದೆ, ಮಾತು ಬಿಡಿಯಾಗಿ ತಿಳಿಯುವುದಿಲ್ಲ ಎಂದರು. ಹಾಕಿಸಿದೆವು. ನಾಲ್ಕು ದಿನ ಇಟ್ಟುಕೊಂಡು, ತಲೆಯೊಳಗೆ ಶೆಡ್ಡು ನಡೆಸಿದ ಹಾಗಾಗುತ್ತದೆ ಎಂದು ತೆಗೆದಿಟ್ಟರು. ಆಮೇಲೆ ಮಾತೂ ಕಡಿಮೆಯಾಯಿತು. ತಮ್ಮ ಧ್ವನಿ ತಮಗೇ ಕೇಳದಾದಾಗ ಎಷ್ಟು ಜೋರು, ಎಷ್ಟು ಮೆಲ್ಲಗೆ ಅನ್ನುವುದು ತಪ್ಪುತ್ತ ಬಂತು. ಅಂಗಡಿಯಲ್ಲಿ ಸಕ್ಕರೆ ಕೇಳಿದರೆ ಜನ ತಿರುಗಿ ನೋಡುವಷ್ಟು ಜೋರು, ಕಾಕೂನನ್ನು ಕರೆದರೆ ಕಾಕೂಗೆ ಕೇಳದಷ್ಟು ಮೆಲ್ಲಗೆ. ನಾನು ಹೋದಾಗಲೆಲ್ಲ ಫೋನಿನಲ್ಲಿ ಪಂದ್ಯ ನೋಡುತ್ತಿರುತ್ತಿದ್ದರು. ಮೊದಲಾದರೆ ತುಟಿ ಆಡುತ್ತಿತ್ತು. ಈಗ ಆಡುತ್ತಿರಲಿಲ್ಲ. ನನ್ನ ಕಾಮೆಂಟ್ರಿಯ ಪಂದ್ಯಗಳನ್ನೂ ನೋಡುತ್ತಾರೆ ಎಂದು ಕಾಕೂ ಹೇಳಿದರು. ಹೇಗಿತ್ತು ಎಂದು ಕೇಳುವ ಅಭ್ಯಾಸ ನನಗಿತ್ತು, ಅವತ್ತು ಕೇಳಲಿಲ್ಲ.

ನಾನು ಈ ಕೆಲಸದಲ್ಲೇ ಇದ್ದೇನೆ. ಪ್ರತಿ ಸೀಸನ್ನಿಗೂ ಹೊಸದಾಗಿ ಕರೆಯುತ್ತಾರೆ, ಕರೆಯದಿದ್ದರೆ ಕೇಳುವಂತಿಲ್ಲ. ಕಾಲು ಎಲ್ಲಿದೆ, ಕೈ ಎಲ್ಲಿದೆ ಎಂದು ಹೇಳುತ್ತೀರಿ, ಬೇರೆಯವರು ಹಾಗೆ ಹೇಳುವುದಿಲ್ಲ ಎಂದು ಕೇಳುಗರು ಬರೆಯುತ್ತಾರೆ. ಅದಕ್ಕೆ ಧನ್ಯವಾದ ಎಂದು ಉತ್ತರ ಕಳಿಸುತ್ತೇನೆ. ಆ ಧನ್ಯವಾದ ತೆಗೆದುಕೊಳ್ಳುವ ಹಕ್ಕು ನನಗಿಲ್ಲ ಅನ್ನುವುದು ಪ್ರತಿ ಸಲವೂ ಗೊತ್ತಾಗುತ್ತದೆ.

ಕಾಕಾ ಕಳೆದ ವರ್ಷ ತೀರಿಕೊಂಡರು. ಕೆಲಸದ ಮಧ್ಯೆ ಎದೆ ಹಿಡಿದುಕೊಂಡು ಕೂತರಂತೆ, ಆಸ್ಪತ್ರೆ ಮುಟ್ಟುವಷ್ಟರಲ್ಲಿ ಮುಗಿದಿತ್ತು. ಕಾಕೂ ನನಗೆ ಮೂರು ಸಲ ಫೋನ್ ಮಾಡಿದ್ದರು. ನಾನು ಪಂದ್ಯದಲ್ಲಿದ್ದೆ, ಗಾಜಿನ ಕೋಣೆಯೊಳಗೆ ಫೋನ್ ಒಯ್ಯುವಂತಿಲ್ಲ. ಮರುದಿನ ಬೆಳಿಗ್ಗೆ ನಾಗಸಂದ್ರಕ್ಕೆ ಹೋದಾಗ ಕೋಣೆಗೆ ಬೀಗ ಹಾಕಿತ್ತು. ಊರಿಗೆ ಒಯ್ದರು ಎಂದು ಪಕ್ಕದ ಮನೆಯವರು ಹೇಳಿದರು. ನಾನು ಅಲ್ಲಿಗೆ ಹೋಗಲಿಲ್ಲ. ಸಂಜೆ ಇನ್ನೊಂದು ಪಂದ್ಯವಿತ್ತು.

ಈ ಸಲದ ರಾಜ್ಯೋತ್ಸವಕ್ಕೆ ಮೈದಾನದವರು ನನ್ನನ್ನು ಅತಿಥಿಯಾಗಿ ಕರೆದಿದ್ದರು. ಬೇಗ ಹೋದೆ. ಟೂರ್ನಮೆಂಟ್ ಕಮಿಟಿಯ ಅಧ್ಯಕ್ಷರು ಮೊದಲಿನಿಂದಲೂ ಕಾಕಾನನ್ನು ಬಲ್ಲವರು. ಇನ್ನು ಹೇಳಿದರೆ ಹೋಗುವ ಕೆಲಸ ಯಾವುದೂ ಉಳಿದಿರಲಿಲ್ಲ. ಅವರನ್ನು ಪಕ್ಕಕ್ಕೆ ಕರೆದು ಎಲ್ಲವನ್ನೂ ಹೇಳಿದೆ. ಕಾಕಾ ಕುಡಿಯುತ್ತಿರಲಿಲ್ಲ, ಅವರಿಗೆ ಕಿವಿ ಕೇಳುತ್ತಿರಲಿಲ್ಲ, ಅದು ಗೊತ್ತಿದ್ದೂ ನಾನು ಗೊತ್ತಿಲ್ಲ ಎಂದೆ. ಅಧ್ಯಕ್ಷರು ತಲೆಯಾಡಿಸಿದರು.

"ಪಾಪ. ಒಂದ್ ಮಾತ್ ಹೇಳಿದ್ರೆ ನಾವೇ ಕರೀತಿದ್ವಲ್ಲ ಮೇಡಂ. ಫ್ಯಾಕ್ಟ್ರಿಯೋರ್ ಕಿವಿಗೆ ಹಾಕ್ದೆ ಇದ್ರೆ ಆಗ್ತಿತ್ತು. ನಮ್ ಗ್ರೌಂಡಿಗೆ ಕಿವಿ ಯಾಕ್ ಬೇಕಿತ್ತು? ಬಾಯಿದ್ರೆ ಸಾಕಿತ್ತು."

ಅಷ್ಟರಲ್ಲಿ ಅಂಕಣಕ್ಕೆ ಸುಣ್ಣದ ಗೆರೆ ಹಾಕುವವರು ಅಳತೆ ಕೇಳಲು ಅವರನ್ನು ಕೂಗಿದರು. ಬಂದೆ ಎಂದು ಹೇಳಿ ಅವರು ಆ ಕಡೆ ನಡೆದರು.